ಶಿವಮೊಗ್ಗದ ಅಕ್ವೇರಿಯಂ ಅಂಗಡಿ, ನಮ್ಮ ಕುಂಕುಮಳ ಆಪರೇಷನ್

ನಾನು ತೀರ್ಥಹಳ್ಳಿಯಲ್ಲಿ ಟೈಲರ್. 19 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಹೊಲಿಗೆ ಮಿಷನ್ ಪಕ್ಕದಲ್ಲೇ ಒಂದು ಟ್ಯಾಂಕ್ ಇದೆ, ಅದರಲ್ಲಿ ಕುಂಕುಮ ಇದ್ದಾಳೆ. ಬಿಳಿ ಮೈ, ತಲೆ ಮೇಲೆ ಕೆಂಪು ಟೋಪಿಯ ಹಾಗೆ ಮಾಂಸ. ರೆಡ್ ಕ್ಯಾಪ್ ಒರಾಂಡಾ ಅನ್ನುವ ಗೋಲ್ಡ್‌ಫಿಶ್. ನಾಲ್ಕು ವರ್ಷದ ಹಿಂದೆ ಮಗಳು ಹಠ ಮಾಡಿ ತರಿಸಿದ್ದು, ಹೆಸರಿಟ್ಟಿದ್ದೂ ಅವಳೇ. ಮಗಳು ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ದಿನವಿಡೀ ನನ್ನ ಜೊತೆ ಇರುವುದು ಕುಂಕುಮನೇ.

ಆಷಾಢದಲ್ಲಿ ಮದುವೆ ಇಲ್ಲ, ಹೊಲಿಗೆಯೂ ಕಡಿಮೆ. ಸುಮ್ನೆ ಕೂತು ನೋಡುತ್ತಿದ್ದಾಗ ಗೊತ್ತಾಯಿತು. ಕಾಳಿನ ಡಬ್ಬಿ ತಟ್ಟಿದರೆ ಕುಂಕುಮ ಮೇಲೆ ಬರುತ್ತಾಳೆ. ಆದರೆ ಕಾಳು ಮೂಗಿನ ಮುಂದೆ ಇದ್ದರೂ ಸಿಗುವುದಿಲ್ಲ. ಬಾಯಿ ತೆರೆದು ಬರೀ ನೀರು ನುಂಗುತ್ತಾಳೆ. ಗಾಜಿಗೆ ಹೋಗಿ ಡಿಕ್ಕಿ ಹೊಡೆಯುತ್ತಾಳೆ. ಹತ್ತಿರದಿಂದ ನೋಡಿದೆ. ಟೋಪಿಯ ಮಾಂಸ ಬೆಳೆದು ಬೆಳೆದು ಎಡಗಣ್ಣನ್ನು ಪೂರ್ತಿ ಮುಚ್ಚಿತ್ತು, ಬಲಗಣ್ಣನ್ನು ಅರ್ಧ. ಬೆನ್ನು ಸಣ್ಣಗಾಗಿತ್ತು. ನನಗೆ ಅವತ್ತು ಊಟ ಸೇರಲಿಲ್ಲ.

ಮೊದಲು ಬೇರೆ ಒಂದು ಅಂಗಡಿಗೆ ಹೋಗಿದ್ದೆ. ಅದು ಯಾವುದು ಅಂತ ಬೇಡ. ಅವರು ಫೋಟೊ ನೋಡಲೇ ಇಲ್ಲ. ನೀಲಿ ಔಷಧಿ ಒಂದು, ಹಳದಿ ಔಷಧಿ ಒಂದು ಕೊಟ್ಟರು. ನೀರು ನೀಲಿ ಆಯಿತು, ಅಷ್ಟೇ. ಮತ್ತೆ ಹೋದಾಗ, "ಇದಕ್ಕೆ ಖರ್ಚು ಮಾಡೋದಕ್ಕಿಂತ ಹೊಸ ಮೀನು ತಗೊಳ್ಳಿ ಮೇಡಂ" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಅದಾದ ಮೇಲೆ ಒಂದು ಶನಿವಾರ ಬೆಳಗ್ಗೆ ಶಿವಮೊಗ್ಗದ ಬಸ್ ಹತ್ತಿದೆ. ಸುಮಾರು 60 ಕಿಲೋಮೀಟರ್. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಡ್ಯಾಂ ದಾಟಿ ದಾರಿಯುದ್ದಕ್ಕೂ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಗಿರಾಕಿಯೊಬ್ಬರು ಹೇಳಿದ್ದ ಅಂಗಡಿ ಇದು. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಬೋರ್ಡಿನ ಮೇಲೆ 'ಅಕ್ವೇರಿಯಂ' ಅಂತ ಮಾತ್ರ ಇದೆ, ಬೇರೆ ಹೆಸರಿಲ್ಲ. ಚಿಕ್ಕ ಜಾಗ, ಬೆಳಕು ಕಡಿಮೆ. ಅಂಗಡಿಯವರಿಗೆ ಅರವತ್ತರ ಹತ್ತಿರ ವಯಸ್ಸು ಇರಬಹುದು. ನಾನು ಅಣ್ಣ ಅಂತಲೇ ಕರೆದೆ.

ಅಣ್ಣ ಕನ್ನಡಕ ಹಾಕಿಕೊಂಡು ನನ್ನ ಫೋನಿನ ವಿಡಿಯೊವನ್ನು ಮೂರು ಸಲ ನೋಡಿದರು. ಟ್ಯಾಂಕ್ ಎಷ್ಟು ಲೀಟರ್, ನೀರು ನಲ್ಲಿಯದಾ ಬಾವಿಯದಾ, ವಾರಕ್ಕೆ ಎಷ್ಟು ಬದಲಿಸುತ್ತೀರಿ, ಎಲ್ಲ ಕೇಳಿದರು. ಆಮೇಲೆ, "ಇದು ಕಾಯಿಲೆ ಅಲ್ಲ ಅಕ್ಕ. ಈ ಜಾತಿಗೆ ಟೋಪಿ ಬೆಳೀತಾನೇ ಇರುತ್ತೆ. ಕೆಲವಕ್ಕೆ ಜಾಸ್ತಿ. ಕಣ್ಣ ಮೇಲಿಂದು ಕತ್ತರಿಸಬೇಕು" ಅಂದರು. ನಾನು ಗಾಬರಿಯಾದೆ. ಮೀನಿಗೆ ರೆಪ್ಪೆ ಕೂಡ ಇಲ್ಲ, ಕಣ್ಣಿನ ಪಕ್ಕದಲ್ಲೇ ಕತ್ತರಿ ಅಂದರೆ?

ಮಗಳು ಕಳಿಸಿದ್ದ ಒಂದು ಸುದ್ದಿಯನ್ನು ಅವರಿಗೆ ತೋರಿಸಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2014ರಲ್ಲಿ ಜಾರ್ಜ್ ಅನ್ನುವ ಗೋಲ್ಡ್‌ಫಿಶ್‌ಗೆ ತಲೆ ಮೇಲಿನ ಗಡ್ಡೆ ತೆಗೆದಿದ್ದರು. ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯಲ್ಲಿ, ಡಾಕ್ಟರ್ ಟ್ರಿಸ್ಟನ್ ರಿಚ್ ಅನ್ನುವವರು. ಸುಮಾರು 45 ನಿಮಿಷ ಹಿಡಿದಿತ್ತು. ಮೂರು ಬಕೆಟ್ ಇಟ್ಟುಕೊಂಡಿದ್ದರಂತೆ. ಒಂದರಲ್ಲಿ ಮತ್ತು ಬರಿಸುವ ನೀರು, ಒಂದರಲ್ಲಿ ಮತ್ತು ಇಳಿಯದ ಹಾಗೆ ನೋಡಿಕೊಳ್ಳುವ ನೀರು, ಇನ್ನೊಂದರಲ್ಲಿ ಎಚ್ಚರ ಬರಿಸುವ ಒಳ್ಳೆ ನೀರು. ಅಣ್ಣ ಅದನ್ನು ಗಮನವಿಟ್ಟು ಓದಿಸಿಕೊಂಡರು. "ಅದು ಗಡ್ಡೆ. ನಿಮ್ಮದೂ ಗಡ್ಡೆ ಆಗಿದ್ದರೆ ನಾನೇ ಬೇಡ ಅಂತಿದ್ದೆ, ವಿನೋಬನಗರದ ಪಶುವೈದ್ಯಕೀಯ ಕಾಲೇಜಲ್ಲಿ ಕೇಳಿ ಅಂತಿದ್ದೆ. ಗಟ್ಟಿ ಇದ್ದರೆ, ಬಣ್ಣ ಬೇರೆ ಇದ್ದರೆ, ಹುಣ್ಣಾಗಿದ್ದರೆ ಕತ್ತರಿ ಮುಟ್ಟಬೇಡಿ" ಅಂದರು. ಮನೆಗೆ ಹೋಗಿ ಒದ್ದೆ ಬೆರಳಿನಿಂದ ಮುಟ್ಟಿ ನೋಡಿ, ಮೆತ್ತಗಿದ್ದರೆ ಮಾತ್ರ ಮುಂದಿನದು ಅಂದರು. ಈ ಅಂಗಡಿಯನ್ನು ನಾನು ನಂಬಿದ್ದು ಆ ಮಾತಿಗೆ.

ನಾನು ಆ್ಯಂಟಿಬಯೋಟಿಕ್ ಕೇಳಿದೆ, ಕೊಡಲಿಲ್ಲ. ಗಾಯವೇ ಇಲ್ಲದಿದ್ದಾಗ ಯಾಕೆ ಅಂದರು. ಕೊಟ್ಟಿದ್ದು ನೀರಿನ ಕ್ಲೋರಿನ್ ತೆಗೆಯುವ ಆ್ಯಂಟಿ ಕ್ಲೋರಿನ್, ಗಾಳಿಯ ಗುಳ್ಳೆ ಬಿಡುವ ಒಂದು ಏರ್ ಸ್ಟೋನ್, ಒಂದು ಬ್ಯಾಟರಿ ಏರ್ ಪಂಪ್. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ ಅಲ್ವಾ ಅಂದರು. ಒಟ್ಟು 460 ರೂಪಾಯಿ ಆಯಿತು. ಒಂದು ಗಂಟೆ ಹೇಳಿಕೊಟ್ಟಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಲವಂಗದ ಎಣ್ಣೆ ಮಾತ್ರ ಮೆಡಿಕಲ್ ಶಾಪಿನಲ್ಲಿ ತೆಗೆದುಕೊಳ್ಳಿ, ಬೇರೆ ಏನೂ ಬೆರೆಸದ ಅಪ್ಪಟ ಎಣ್ಣೆಯೇ ಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಅದರಲ್ಲಿರುವ ಯೂಜಿನಾಲ್ ಮೀನಿಗೆ ಮತ್ತು ಬರಿಸುತ್ತದೆ. ಲೀಟರಿಗೆ ಒಂದು ಹನಿ ದಾಟಬಾರದು, ಅದನ್ನೂ ಒಂದೇ ಸಲ ಹಾಕಬಾರದು. ಇದೇ ಎಣ್ಣೆ ಜಾಸ್ತಿ ಆದರೆ ಮೀನು ಮತ್ತೆ ಏಳುವುದಿಲ್ಲ ಅಂತ ನೇರವಾಗಿ ಹೇಳಿದರು.

ಮನೆಯಲ್ಲಿ ಮುಟ್ಟಿ ನೋಡಿದೆ, ಮೆತ್ತಗೇ ಇತ್ತು. ಕತ್ತರಿಸುವವಳು ನಾನೇ ಆದ್ದರಿಂದ ಒಂದು ವಾರ ಕೈ ಪಳಗಿಸಿದೆ. ಆ ಟೋಪಿ ಹತ್ತಿರದಿಂದ ನೋಡಿದರೆ ಬೇಯಿಸಿದ ಸಬ್ಬಕ್ಕಿಯ ಹಾಗೆ, ಗುಳ್ಳೆ ಗುಳ್ಳೆ. ಹಾಗಾಗಿ ಸಬ್ಬಕ್ಕಿಯನ್ನೇ ಬೇಯಿಸಿ, ಒದ್ದೆ ಬಟ್ಟೆ ಮೇಲೆ ಹರಡಿ, ಕಸೂತಿ ದಾರ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದೊಂದೇ ಕಾಳಿನ ತುದಿ ಕತ್ತರಿಸಿದೆ. ಕೆಳಗಿನ ಬಟ್ಟೆಗೆ ತಾಗಬಾರದು ಅನ್ನುವುದು ನನ್ನ ಲೆಕ್ಕ.

ಭಾನುವಾರ ಹತ್ತು ಗಂಟೆಗೆ ಕಿಟಕಿ ಪಕ್ಕ ಎರಡು ಟಬ್ ಇಟ್ಟೆ. ಎರಡರಲ್ಲೂ ಅವಳ ಟ್ಯಾಂಕಿನದೇ ನೀರು, ಐದೈದು ಲೀಟರ್. ಕತ್ತರಿ ಕುದಿಸಿ ಆರಿಸಿದ್ದೆ. ಪಕ್ಕದ ಮನೆ ಅಕ್ಕ ಸೆಕೆಂಡ್ ಎಣಿಸಲು ಬಂದರು. ಅಣ್ಣ ಫೋನಿನ ಸ್ಪೀಕರ್‌ನಲ್ಲಿದ್ದರು. ಎಣ್ಣೆ ನೀರಿನಲ್ಲಿ ಹಾಗೇ ಬೆರೆಯುವುದಿಲ್ಲ. ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಹಾಕಿ, ಹಾಲಿನ ಬಣ್ಣ ಬರುವ ತನಕ ಕುಲುಕಿದೆ. ಅದನ್ನು ಸ್ವಲ್ಪ ಸ್ವಲ್ಪ ಸುರಿದೆ. ಮನೆಯೆಲ್ಲ ಲವಂಗದ ವಾಸನೆ.

ಕುಂಕುಮ ಮೊದಲು ಜೋರಾಗಿ ಓಡಾಡಿದಳು. ಆಮೇಲೆ ಒಂದು ಕಡೆಗೆ ವಾಲಿದಳು. ಆಮೇಲೆ ಪಕ್ಕಕ್ಕೆ ಮಲಗಿಬಿಟ್ಟಳು. ಬಾಲ ಹಿಡಿದರೂ ಅಲುಗಲಿಲ್ಲ. "ಕಿವಿರು ಆಡ್ತಿದೆಯಾ? ಅದನ್ನು ಬಿಟ್ಟು ಬೇರೆ ಏನೂ ನೋಡಬೇಡಿ" ಅಂದರು ಅಣ್ಣ. ನಿಧಾನಕ್ಕೆ ಆಡುತ್ತಿತ್ತು. ಒದ್ದೆ ಮಲ್ ಬಟ್ಟೆ ಮೇಲೆ ಎತ್ತಿಕೊಂಡೆ. ಅಂಗೈಯಷ್ಟು ಜೀವ, ತಣ್ಣಗಿತ್ತು.

ಎಡಗಡೆಯ ಮಾಂಸವನ್ನು ಬೆರಳ ತುದಿಯಿಂದ ಮೆತ್ತಗೆ ಮೇಲೆತ್ತಿದೆ. ಅಡಿಯಲ್ಲಿ ಕರಿಮಣಿಯ ಹಾಗೆ ಕಣ್ಣು ಕಂಡಿತು. ಇಷ್ಟು ದಿನ ಕತ್ತಲಲ್ಲಿ ಇದ್ದ ಕಣ್ಣು. ಅಂಚಿನಿಂದ ಒಂದು ಚೂರು ಕತ್ತರಿಸಿದೆ, ಇನ್ನೊಂದು, ಇನ್ನೊಂದು. ಸಬ್ಬಕ್ಕಿ ಕಾಳಿನಷ್ಟೇ ಚೂರುಗಳು. ಬುಡಕ್ಕೆ ಹೋಗಬೇಡಿ, ಅಲ್ಲಿ ರಕ್ತ ಜಾಸ್ತಿ ಅಂದಿದ್ದರು. ಹೋಗಲಿಲ್ಲ. ಆದರೂ ಒಂದು ಎಳೆ ರಕ್ತ ಬಂತು, ಕೆಂಪು ದಾರದ ಹಾಗೆ. ಹತ್ತಿಯಲ್ಲಿ ಒತ್ತಿದೆ, ನಿಂತಿತು. ಅಕ್ಕ ಮೂವತ್ತು ಅಂದಾಗ ಮತ್ತೆ ನೀರಿಗೆ ಬಿಟ್ಟು, ಕಿವಿರು ನೋಡಿ, ಮತ್ತೆ ಎತ್ತಿಕೊಂಡು ಬಲಗಡೆ ಎರಡು ಚೂರು ತೆಗೆದೆ. ಅಷ್ಟಕ್ಕೇ ಸಾಕು ಅಂದರು ಅಣ್ಣ. ನನಗೆ ಇನ್ನೂ ಒಪ್ಪ ಮಾಡೋಣ ಅನ್ನಿಸಿತ್ತು. ಅವರು ಬಿಡಲಿಲ್ಲ.

ಒಳ್ಳೆ ನೀರಿನ ಟಬ್ಬಿನಲ್ಲಿ ಏರ್ ಸ್ಟೋನ್ ಗುಳ್ಳೆ ಬಿಡುತ್ತಿತ್ತು. ಅವಳನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿಂದ ನೀರು ಹೋಗುವ ಹಾಗೆ ಮುಂದಕ್ಕೆ ಮೆಲ್ಲಗೆ ತಳ್ಳುತ್ತಾ ಇದ್ದೆ. ಒಂದು ನಿಮಿಷ, ಎರಡು ನಿಮಿಷ. ನಾನು ದೇವರ ಹೆಸರು ಹೇಳುತ್ತಲೇ ಇದ್ದೆ. ನಾಲ್ಕನೇ ನಿಮಿಷಕ್ಕೆ ಬಾಲ ನನ್ನ ಮಣಿಕಟ್ಟಿಗೆ ಬಡಿಯಿತು. ಅಕ್ಕನೂ ಅತ್ತರು, ನಾನೂ ಅತ್ತೆ.

ಆಮೇಲಿನದು ಸುಲಭ. ಹತ್ತು ಲೀಟರಿಗೆ ಒಂದು ದೊಡ್ಡ ಚಮಚ ಕಲ್ಲುಪ್ಪು, ಅಯೋಡಿನ್ ಇಲ್ಲದ್ದು. ವಾರ ಪೂರ್ತಿ ದಿನಾ ಸ್ವಲ್ಪ ನೀರು ಬದಲಿಸಿದೆ. ಮೂರನೇ ದಿನ ಕರೆಂಟ್ ಹೋಗಿ ಮರುದಿನ ಬಂತು, ಬ್ಯಾಟರಿ ಪಂಪ್ ರಾತ್ರಿಯೆಲ್ಲ ಓಡಿತು. ನಾಲ್ಕನೇ ದಿನ ಎಡಗಡೆಯಿಂದ ಹಾಕಿದ ಕಾಳನ್ನು ತಿರುಗಿ ನೋಡಿ ಹಿಡಿದಳು. ಮಾಂಸ ಮತ್ತೆ ಬೆಳೆಯುತ್ತದೆ, ಮುಂದೆ ಇನ್ನೊಂದು ಸಲ ಮಾಡಬೇಕಾಗಬಹುದು. ಕತ್ತರಿ ಬೇರೆ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ.

ಅಂಗಡಿಯಲ್ಲಿ ಇಷ್ಟವಾಗದ್ದೂ ಇದೆ. ಬೆಟ್ಟಾ ಮೀನುಗಳನ್ನು ಸಣ್ಣ ಸಣ್ಣ ಪ್ಲಾಸ್ಟಿಕ್ ಡಬ್ಬಗಳಲ್ಲಿ ಇಟ್ಟಿದ್ದಾರೆ. ನೋಡಿ ಸಂಕಟವಾಯಿತು, ಹೇಳಿಯೂ ಬಂದೆ. ದೊಡ್ಡ ಗಾಜಿನ ಜಾರ್ ತರಿಸುತ್ತೇನೆ ಅಂದಿದ್ದಾರೆ. ಮುಂದಿನ ಸಲ ಹೋದಾಗ ಮತ್ತೆ ಕೇಳುತ್ತೇನೆ. ಬೆಳಗ್ಗೆ ಹನ್ನೊಂದರ ಒಳಗೆ ಬಾಗಿಲು ತೆರೆಯುವುದಿಲ್ಲ. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ದೂರದಿಂದ ಬರುವವರಿಗೆ ಇದು ಕಷ್ಟ.

ಆದರೂ ಹೊಸನಗರ, ಸಾಗರ, ಕೊಪ್ಪ ಕಡೆಯವರು ಮೀನಿಗೆ ತೊಂದರೆ ಆದರೆ ಇವರನ್ನು ಒಂದು ಸಲ ಕೇಳಿ. ಮೀನನ್ನು ಬಸ್ಸಿನಲ್ಲಿ ಕುಲುಕಾಡಿಸಿಕೊಂಡು ತರಬೇಡಿ. ವಿಡಿಯೊ ತನ್ನಿ, ಮೇಲಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು. ಅವರು ಮೊದಲು ಕೇಳುವುದು ಅದನ್ನೇ.