ಕೋಬಾಲ್ಟ್ ಸ್ಟೆಪ್ ಡ್ರಿಲ್: ಬಣ್ಣದ ತಗಡಿಗೆ ತೂತು ಹಾಕುವವರಿಗೆ, ಕೆಲವು ಮಳೆಗಾಲ ಬಳಸಿದ ಮೇಲೆ

ಕೊಂಡ ವಾರದಲ್ಲೇ ಬರೆದ ಬಿಟ್ ವಿಮರ್ಶೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸ್ಟೆಪ್ ಡ್ರಿಲ್ ಅಂದರೆ ತುದಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತಾ ಹೋಗುವ, ಡ್ರಿಲ್ ಮಷೀನ್‌ಗೆ ಸಿಕ್ಕಿಸುವ ಬಿಟ್. ಹೊಸದರಲ್ಲಿ ಯಾವುದಾದರೂ ತಗಡಿನೊಳಗೆ ಸಲೀಸಾಗಿ ಇಳಿಯುತ್ತದೆ. ಬಣ್ಣ ಹೊಡೆದ ಬಂಪರ್‌ಗೋ ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಕೂರಿಸುವುದು) ಮಾಡಿದ ಕ್ಯಾರಿಯರ್‌ಗೋ ಹಾಕಿದ ತೂತು ಹೇಗಿದೆ ಅಂತ ಗೊತ್ತಾಗುವುದು ಒಂದು ಮಳೆಗಾಲ ಕಳೆದ ಮೇಲೆ. ನಾನಿರುವುದು ನವಿ ಮುಂಬಯಿಯ ಕಳಂಬೋಲಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ದಿನ ಖಾಡಿ (ಒಳನುಗ್ಗಿದ ಸಮುದ್ರದ ನೀರು) ಕಡೆಯ ಉಪ್ಪುಗಾಳಿ. ಇಲ್ಲಿ ಬರಿ ಕಬ್ಬಿಣ ಒಂದು ಗೆರೆಯಷ್ಟು ಕಂಡರೂ ಸಾಕು, ತುಕ್ಕು ಅಲ್ಲಿಂದಲೇ ಶುರು.

ನಮ್ಮದು ಲಾರಿ, ಟೆಂಪೊ, ಸ್ಕೂಲ್ ಬಸ್‌ಗಳಿಗೆ ವೈರಿಂಗ್, ಲೈಟು, ಸೆನ್ಸರ್ ಕೂರಿಸುವ ಸಣ್ಣ ಕೆಲಸ. ಹೊಸ ಕಾರುಗಳಿಗೆ 2019ರ ಜುಲೈನಿಂದ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ, ಕಂಪನಿಯಿಂದಲೇ ಬರುತ್ತದೆ. ನಮ್ಮ ಹತ್ತಿರ ಬರುವುದು ಅದಕ್ಕಿಂತ ಹಳೆಯ ಗಾಡಿಗಳು, ಕಬ್ಬಿಣದ ಬಂಪರ್ ಇರುವ ಗೂಡ್ಸ್ ಗಾಡಿಗಳು. ಓಡಿಸುವವರಲ್ಲಿ ವಿಜಯಪುರ, ಕಲಬುರಗಿ ಕಡೆಯವರೂ ಸಾಕಷ್ಟು. ಅಂಥವರೊಬ್ಬರು ಹಿಂದಿನ ಬಂಪರ್ ತೋರಿಸಿ, ‘ಅಣ್ಣಾರ, ಹೋದ ವರ್ಷ ಬ್ಯಾರೆ ಕಡೆ ತೂತ ಹಾಕ್ಸಿದ್ದೆ, ನೋಡ್ರಿ, ಬಣ್ಣ ಹಪ್ಪಳ ಎದ್ದಂಗ ಎದ್ದೈತಿ’ ಅಂದರು. ಉಗುರು ತಾಗಿಸಿದೆ, ಬೆರಳಗಲದ ಪದರ ಕಿತ್ತು ಬಂತು. ಕೆಳಗೆಲ್ಲ ಕೆಂಪು ಪುಡಿ. ತೂತು ಮಾತ್ರ ದುಂಡಗೆ ಚೆನ್ನಾಗೇ ಇತ್ತು.

ಬಿಟ್ ವಿಷಯಕ್ಕೆ ಬರೋಣ. ನನ್ನದು 4ರಿಂದ 32 ಮಿಮೀವರೆಗಿನದು, ಎರಡೆರಡು ಮಿಮೀ ಏರುತ್ತಾ ಹೋಗುವ 15 ಮೆಟ್ಟಿಲು. ಎಂ35 ಸ್ಟೀಲ್, ಅಂದರೆ 5 ಪರ್ಸೆಂಟ್ ಕೋಬಾಲ್ಟ್ ಇರುವ ಹೈಸ್ಪೀಡ್ ಸ್ಟೀಲ್. ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟ್‌ನಲ್ಲಿ ತಗೊಂಡೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂಗಾರದ ಬಣ್ಣದ ಮೂರು ಬಿಟ್‌ಗಳ ಸೆಟ್ ಸಿಗುತ್ತದಲ್ಲ, ಅದರ ಎಷ್ಟೋ ಪಟ್ಟು ದುಡ್ಡು ಇದೊಂದಕ್ಕೇ ಹೋಯಿತು. ಬಂಗಾರದ ಬಣ್ಣ ಟೈಟೇನಿಯಂ ನೈಟ್ರೈಡ್ ಲೇಪನದ್ದು. ಲೇಪನ ಒಳ್ಳೆಯದೇ, ಆದರೆ ಒಳಗಿನ ಸ್ಟೀಲ್ ಮೆತ್ತಗಿದ್ದರೆ ಮೇಲಿನ ಬಂಗಾರ ಕಟ್ಟಿಕೊಂಡು ಏನು ಮಾಡೋದು? ಹಾಗೇ, ಕಂದು ಬಣ್ಣ ಇದ್ದ ಮಾತ್ರಕ್ಕೆ ಕೋಬಾಲ್ಟ್ ಅಲ್ಲ. ಬಣ್ಣ ಯಾರು ಬೇಕಾದರೂ ಬರಿಸುತ್ತಾರೆ. ಶ್ಯಾಂಕ್ (ಮಷೀನ್‌ಗೆ ಸಿಕ್ಕಿಸುವ ಬುಡ) ಮೇಲೆ ಗ್ರೇಡ್ ಕೆತ್ತಿದೆಯಾ ನೋಡಿ, ಅದೂ ನಂಬುವ ಅಂಗಡಿಯಲ್ಲಿ.

ಸಾದಾ ಟ್ವಿಸ್ಟ್ ಡ್ರಿಲ್, ಅಂದರೆ ತಿರುಚಿದ ಮಾಮೂಲಿ ಬಿಟ್, ದೊಡ್ಡ ತೂತಿಗೆ ತೆಳು ತಗಡಿಗೆ ಆಗಿಬರುವುದಿಲ್ಲ. ಕಾರಿನ ಬಾಡಿ ತಗಡು ಹೆಚ್ಚಾಗಿ 0.7–0.8 ಮಿಮೀ ಅಷ್ಟೇ. ಬಿಟ್‌ನ ತುದಿ ಆಚೆ ಹೋಗಿರುತ್ತದೆ, ಅಂಚು ಇನ್ನೂ ಈಚೆ ಕಚ್ಚಿರುತ್ತದೆ. ತಗಡು ಅದರ ಮೇಲೆ ಹತ್ತಿ ತೂತು ಮೂರು ಮೂಲೆಯಾಗುತ್ತದೆ. ಹೋಲ್ ಸಾ, ಅಂದರೆ ದುಂಡು ಗರಗಸದ ಹಲ್ಲುಗಳು ಬಣ್ಣವನ್ನು ಕತ್ತರಿಸುವ ಬದಲು ಎಳೆದು ಕೀಳುತ್ತವೆ. ಸ್ವಲ್ಪ ಜಾರಿದರಂತೂ ಬಾನೆಟ್ ಮೇಲೆ ಅರ್ಧ ಚಂದ್ರ ಬರೆದುಬಿಡುತ್ತದೆ. ಸ್ಟೆಪ್ ಡ್ರಿಲ್‌ಗೆ ಈ ಎರಡು ಕಾಟವೂ ಇಲ್ಲ. ಪ್ರತಿ ಮೆಟ್ಟಿಲು ಹಿಂದಿನ ತೂತನ್ನು ಒಂದೊಂದು ಮಿಮೀ ಸುತ್ತಲೂ ಅಗಲ ಮಾಡುತ್ತದೆ, ಅಷ್ಟೇ. ತಗಡಿನ ದಪ್ಪ ಮಾತ್ರ ಒಂದು ಮೆಟ್ಟಿಲಿನ ಎತ್ತರಕ್ಕಿಂತ ಕಡಿಮೆ ಇರಬೇಕು. 2–3 ಮಿಮೀ ತಗಡಿನಲ್ಲಿ ಕಟ್ಟಿಸಿದ ಬಂಪರ್‌ಗೂ ನನ್ನದು ಸಾಕಾಗಿದೆ.

ಈಗ ಬಣ್ಣದ ಮಾತು. ಕಂಪನಿ ಪೇಂಟ್ ಎಲ್ಲ ಪದರ ಸೇರಿ 100ರಿಂದ 150 ಮೈಕ್ರಾನ್ (ಮಿಮೀನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಆಸುಪಾಸು. ಪೌಡರ್ ಕೋಟಿಂಗ್ ಒಂದೇ ಪದರ 60–100 ಮೈಕ್ರಾನ್ ಇರುತ್ತದೆ, ಅದೂ ಗಡುಸು. ಹೀಗಾಗಿ ಅಂಚಿನಲ್ಲಿ ಚಕ್ಕೆ ಏಳುವುದು ಪೌಡರ್ ಕೋಟಿಂಗ್‌ನಲ್ಲೇ ಜಾಸ್ತಿ. ಬರೀ ಮಾಸ್ಕಿಂಗ್ ಟೇಪ್ ಹಚ್ಚಿದರೆ ಗೀರು ತಪ್ಪುತ್ತದೆ, ಚಕ್ಕೆ ತಪ್ಪುವುದಿಲ್ಲ. ಟೇಪ್ ಮೇಲೆ ತೂತಿನ ಅಳತೆಗಿಂತ ಕೂದಲೆಳೆಯಷ್ಟು ದೊಡ್ಡ ವೃತ್ತ ಎಳೆದು, ಹೊಸ ಬ್ಲೇಡ್‌ನಲ್ಲಿ ಕೋಟಿಂಗ್ ಕಡಿಯುವವರೆಗೆ ಒತ್ತಿ ಕೊಯ್ಯಬೇಕು. ಬ್ಲೇಡ್ ಕಬ್ಬಿಣಕ್ಕೆ ಮುಟ್ಟಿದ್ದು ಕೈಗೇ ಗೊತ್ತಾಗುತ್ತದೆ, ಜಾರುವ ರೀತಿ ಬೇರೆಯಾಗುತ್ತದೆ. ಆಮೇಲೆ ಒಳಗಡೆ ಚಕ್ಕೆ ಎದ್ದರೂ ಈ ಗೆರೆ ದಾಟಿ ಬರುವುದಿಲ್ಲ. ತೂತಿನ ನಡುವೆ ಗುರುತಿನ ಕುಳಿ ಮಾಡಲು ಸೆಂಟರ್ ಪಂಚ್ ಹೊಡೆಯುವಾಗ ಹಿಂದುಗಡೆ ಮರದ ತುಂಡು ಹಿಡಿಯಿರಿ, ಇಲ್ಲದಿದ್ದರೆ ತಗಡು ತಗ್ಗಾಗುತ್ತದೆ. ಸಣ್ಣ ಸಾದಾ ಬಿಟ್‌ನಲ್ಲಿ ಹಾಕುವ ಮೊದಲ 3 ಮಿಮೀ ತೂತಿಗೆ ಡ್ರಿಲ್ ಮಷೀನನ್ನು ಉಲ್ಟಾ ತಿರುಗಿಸಿ ಶುರು ಮಾಡುತ್ತೇನೆ. ಬಣ್ಣ ಸವೆದು ಬೆಳ್ಳಗೆ ಕಬ್ಬಿಣ ಕಂಡ ಮೇಲೆ ಸುಲ್ಟಾ.

ಸ್ಪೀಡ್ ವಿಷಯದಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. 20 ಮಿಮೀ ತೂತಿಗೆ ನಿಮಿಷಕ್ಕೆ 400 ಸುತ್ತು ಸಾಕು, ಅಂದರೆ ಕಾರ್ಡ್‌ಲೆಸ್ ಮಷೀನ್‌ನ 1ನೇ ಗೇರ್. ಜೋರಾಗಿ ತಿರುಗಿಸಿದರೆ ಅಂಚು ಕಾದು ಬಣ್ಣ ಮೆತ್ತಗಾಗುತ್ತದೆ, ಬಿಸಿ ಚೂರು ಸುತ್ತ ಹಾರಿ ಕ್ಲಿಯರ್ ಕೋಟ್‌ಗೆ (ಬಣ್ಣದ ಮೇಲಿನ ಪಾರದರ್ಶಕ ಪದರ) ಅಂಟಿಕೊಳ್ಳುತ್ತದೆ. ಆ ಚೂರುಗಳೇ ನಿಜವಾದ ಶತ್ರು. ಬಟ್ಟೆಯಿಂದ ಒರೆಸಬೇಡಿ, ಒರೆಸಿದರೆ ಮರಳು ಕಾಗದ ತಿಕ್ಕಿದ ಹಾಗೇ. ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎತ್ತಬೇಕು, ಚೀಲ ಮಗುಚಿದರೆ ಚೂರೆಲ್ಲ ಒಳಗೆ. ಮಳೆಗಾಲದಲ್ಲಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಿಳಿ ಗಾಡಿಯ ಮೇಲೆ ಕೆಂಪು ಚುಕ್ಕಿ ಎದ್ದಿರುತ್ತದೆ. ಆಮೇಲೆ ಮಾಲೀಕರು ಬಂದು ಜಗಳ, ಅಲ್ವಾ?

ಬೇಕಾದ ಮೆಟ್ಟಿಲಿಗೆ ಮಾರ್ಕರ್‌ನಿಂದ ಕಪ್ಪು ಪಟ್ಟಿ ಬಳಿದುಕೊಳ್ಳಿ. ಮುಂದಿನ ಮೆಟ್ಟಿಲು ಲೈಟಾಗಿ ತಾಗಿಸಿದರೆ ಬರ್ (ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು) ಹೋಗುತ್ತದೆ ಅನ್ನುತ್ತಾರೆ. ನಿಜ, ಆದರೆ ಬಣ್ಣದ ಕಡೆಯಿಂದ ತಾಗಿಸಿದರೆ ಬೆಳ್ಳಿ ಉಂಗುರದ ಹಾಗೆ ಬರಿ ಕಬ್ಬಿಣ ಕಾಣುತ್ತದೆ. ಒಳಗಡೆಯಿಂದ ಕೈ ಹೋಗುವ ಜಾಗದಲ್ಲಿ ಮಾತ್ರ ಹಾಗೆ ಮಾಡಿ. ಫೈಲ್ ಹಾಕುವುದಿದ್ದರೂ ಬಣ್ಣದ ಕಡೆಯಿಂದ ಒಳಕ್ಕೆ ತಳ್ಳಬೇಕು. ಹೊರಕ್ಕೆ ಎಳೆದರೆ ಪದರ ಎದ್ದೇಳುತ್ತದೆ.

ನಾನು ಹಾಕಿದ ತೂತುಗಳಿರುವ ಗಾಡಿಗಳು ಸರ್ವಿಸ್‌ಗೆ ಅಂತ ತಿರುಗಿ ಬರುತ್ತಿರುತ್ತವೆ. ಬಂದಾಗಲೆಲ್ಲ ಸೆನ್ಸರ್ ತೆಗೆದು ಅಂಚು ನೋಡುವ ಚಟ ನನಗೆ. ಬಿಟ್ ಹೊಸದಿದ್ದಾಗ ಹಾಕಿದ್ದೋ ಮೊಂಡಾದ ಮೇಲೆ ಹಾಕಿದ್ದೋ ಅನ್ನುವುದರಿಂದ ಅಷ್ಟೇನೂ ಫರಕ್ ಕಾಣಲಿಲ್ಲ. ಅಂಚಿಗೆ ಏನು ಹಚ್ಚಿದ್ದೆವು ಅನ್ನುವುದರಿಂದ ತುಂಬ ಫರಕ್ ಇದೆ. ಸುಮ್ನೆ ಟಚ್‌ಅಪ್ ಪೇಂಟ್ ಬಳಿದಿದ್ದ ಕಡೆ ಬಣ್ಣದ ಕೆಳಗೆ ತುಕ್ಕು ಹರಿದಿತ್ತು. ಝಿಂಕ್ ಪ್ರೈಮರನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅಂಚಿನ ಸುತ್ತ ಬಳಿದು, ಒಣಗಿದ ಮೇಲೆ ಟಚ್‌ಅಪ್ ಮಾಡಿ, ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಉಂಗುರ) ಕೂರಿಸಿದ ಕಡೆ ಅಂಚು ಹಾಗೇ ಇದೆ. ಪ್ರೈಮರ್‌ಗೆ ಮುಂಚೆ ಎಣ್ಣೆ ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ಎನ್‌ಸಿ (ನೈಟ್ರೊಸೆಲ್ಯುಲೋಸ್ ಬಣ್ಣಕ್ಕೆ ಹಾಕುವ) ಥಿನ್ನರ್ ಹಾಕಿದರೆ ಪೌಡರ್ ಕೋಟಿಂಗ್ ಮಂಕಾಗುತ್ತದೆ. ಕಬ್ಬಿಣದ ಬಂಪರ್‌ನಲ್ಲಿ ಸೆನ್ಸರ್‌ಗೆ ರಬ್ಬರ್ ಉಂಗುರ ಹೇಗಿದ್ದರೂ ಬೇಕು. ಇಲ್ಲದಿದ್ದರೆ ಬಂಪರ್ ಜೊತೆಗೆ ಅದೂ ಅದುರಿ ಸುಳ್ಳು ಬೀಪ್ ಹೊಡೆಯುತ್ತದೆ.

ಬಿಟ್ ಬಗ್ಗೆ ದೂರು ಇಲ್ಲವೇ? ಇದೆ. ಎರಡೆರಡು ಮಿಮೀ ಮೆಟ್ಟಿಲಾದ್ದರಿಂದ 19, 21ರಂಥ ಬೆಸ ಅಳತೆ ಸಿಗುವುದಿಲ್ಲ. ಎಂ20 ಕೇಬಲ್ ಗ್ಲ್ಯಾಂಡ್ (ವೈರ್ ತೂರಿಸಿ ಬಿಗಿಯುವ 20 ಮಿಮೀ ಬಿಡಿಭಾಗ) 20ರ ತೂತಿಗೆ ಬಿಗಿಯಾಗುತ್ತದೆ, ಕೊನೆಗೆ ಫೈಲ್ ಹಿಡಿಯಲೇಬೇಕು, ಆಗ ಇನ್ನಷ್ಟು ಬರಿ ಕಬ್ಬಿಣ. ಶ್ಯಾಂಕ್‌ಗೆ ಮೂರು ಮುಖ ಇರುವುದರಿಂದ ಚಕ್‌ನಲ್ಲಿ (ಬಿಟ್ ಹಿಡಿಯುವ ಮಷೀನ್‌ನ ಬಾಯಿ) ಜಾರುವುದಿಲ್ಲ, ಅದು ಒಳ್ಳೆಯದು. ಆದರೆ ಕೋಬಾಲ್ಟ್ ಗಡುಸು, ಹಾಗಾಗಿ ಪೆಡಸು. ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್‌ಗೆ ಹಾಕಿದರೆ ಅಂಚು ಒಡೆಯುವುದು ಖಾತ್ರಿ. ನೆಲಕ್ಕೆ ಬೀಳಿಸಿದರೂ ಅದೇ ಕಥೆ. ಅಲ್ಯೂಮಿನಿಯಂ ಕೊರೆಯುವಾಗ ಚೂರು ಬಿಟ್‌ನ ಉದ್ದಕ್ಕಿರುವ ತೋಡಿನಲ್ಲಿ ಮೆತ್ತಿಕೊಳ್ಳುತ್ತದೆ, ಒಂದೆರಡು ಹನಿ ಸೀಮೆಎಣ್ಣೆ ಹಾಕಿದರೆ ಬಿಡುತ್ತದೆ. ಮೊಂಡಾದರೆ ಎಸೆಯಬೇಡಿ. ಟೂಲ್ ಗ್ರೈಂಡಿಂಗ್ ಮಾಡುವವರು ಆ ತೋಡಿನ ಒಳಮುಖ ಮಾತ್ರ ಸಾಣೆ ಹಿಡಿದು ಕೊಡುತ್ತಾರೆ. ಮೆಟ್ಟಿಲಿನ ಹೊರಮೈ ಮುಟ್ಟಲು ಬಿಡಬೇಡಿ, ಅಳತೆ ಹೋಗುತ್ತದೆ. ನನ್ನದು ಸಾಣೆಗೆ ಹೋಗಿ ಬಂದು ಮತ್ತೆ ದುಡಿಯುತ್ತಿದೆ. ಬಂಗಾರದ ಸೆಟ್ ಇಷ್ಟು ದಿನ ಬಾಳಿದ್ದನ್ನು ನಾನು ನೋಡಿಲ್ಲ.

ಕಾರಿನ ಬಿ ಪಿಲ್ಲರ್‌ಗೆ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ಇದನ್ನು ತಾಗಿಸಲೇಬೇಡಿ. ಹೊಸ ಕಾರುಗಳಲ್ಲಿ ಅಲ್ಲಿ ಹೆಚ್ಚಾಗಿ ತುಂಬ ಗಟ್ಟಿಯಾದ ಬೋರಾನ್ ಸ್ಟೀಲ್ ಇರುತ್ತದೆ, ಅದರ ಬಲ 1500 ಮೆಗಾಪ್ಯಾಸ್ಕಲ್ ಹತ್ತಿರ. ಬಿಟ್ ಹೋಗುತ್ತದೆ ಅನ್ನುವುದು ಸಣ್ಣ ಮಾತು, ಪಿಲ್ಲರ್ ದುರ್ಬಲವಾಗುತ್ತದೆ. ಮೇಲ್ಛಾವಣಿಯ ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್ ಸುತ್ತಿಟ್ಟಿರಬಹುದು, ಆ್ಯಂಟೆನಾ ಹಾಕುವವರು ಮೊದಲು ಲೈನಿಂಗ್ ಬಿಚ್ಚಿ ನೋಡಿ.

ಒಂದೇ ಅಳತೆಯ ತೂತು ದಿನಾ ಹಾಕುವವರಾದರೆ ಸ್ಟೆಪ್ ಡ್ರಿಲ್‌ಗಿಂತ ಸ್ಕ್ರೂ ಬಿಗಿದು ಕತ್ತರಿಸುವ ನಾಕ್‌ಔಟ್ ಪಂಚ್ ನೋಡಿ. ಒಂದು ಕಡೆ ಪಂಚ್, ಇನ್ನೊಂದು ಕಡೆ ಬಟ್ಟಲಿನಂಥ ಡೈ, ನಡುವೆ ಬೋಲ್ಟ್. ಚೂರು ಇಲ್ಲ, ಬಿಸಿ ಇಲ್ಲ, ಬಿಲ್ಲೆಯೊಂದು ಕತ್ತರಿಸಿ ಬಟ್ಟಲಿಗೆ ಬೀಳುತ್ತದೆ. ಡೈ ಒಳಗಡೆ ಬರುವಂತೆ, ಪಂಚ್ ಬಣ್ಣದ ಕಡೆಯಿಂದ ಒಳಗಿಳಿಯುವಂತೆ ಹಿಡಿದರೆ ಹೊರಗಿನ ಅಂಚು ನುಣ್ಣಗೆ ಮಡಚಿಕೊಳ್ಳುತ್ತದೆ, ಬರ್ ಒಳಗೆ ಉಳಿಯುತ್ತದೆ. ಉಲ್ಟಾ ಹಿಡಿದರೆ ಬಟ್ಟಲಿನ ಕಂಠ ಬಣ್ಣದ ಮೇಲೆ ಉಂಗುರದ ಗುರುತು ಒತ್ತಿಬಿಡುತ್ತದೆ. ಬೋಲ್ಟ್ ತೂರಿಸಲು ಮೊದಲೊಂದು ತೂತು ಬೇಕಲ್ಲ, ಅದಕ್ಕೆ ನಾನು ಇದೇ ಸ್ಟೆಪ್ ಡ್ರಿಲ್ ಹಿಡಿಯುತ್ತೇನೆ. ಹಿಂದುಗಡೆ ಕೈ ಹೋಗದ ಮುಚ್ಚಿದ ಬಂಪರ್‌ನಲ್ಲಿ ಪಂಚ್ ಕೂರಿಸಲು ದಾರಿಯೇ ಇಲ್ಲ, ಅಲ್ಲಿ ಪೂರ್ತಿ ತೂತನ್ನೂ ಇದೇ ಹಾಕಬೇಕು.