ಹಾಡು, ಗಿಟಾರ್: ಒಂದು ಮೈಕಾ, ಎರಡಾ, ಬೇರೆ ಬೇರೆಯಾಗಿಯಾ?

ಒಂದೇ ಭಾವಗೀತೆಯನ್ನು ಮನೆಯಲ್ಲಿ ಮೂರು ಥರ ರೆಕಾರ್ಡ್ ಮಾಡಿ ನೋಡಿದೆ. ಅದೇ ರೂಮು, ಅದೇ ಗಿಟಾರ್. ಗೋಡೆಗೆ ಎರಡು ಕೌದಿ ನೇತುಹಾಕಿ ಫ್ಯಾನ್ ಆರಿಸಿದ್ದೆ.

ಮೊದಲು ಬೇರೆ ಬೇರೆಯಾಗಿ. ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ಗಿಟಾರ್ ನುಡಿಸಿದೆ, ಆಮೇಲೆ ಹೆಡ್‌ಫೋನಿನಲ್ಲಿ ಅದನ್ನೇ ಕೇಳುತ್ತಾ ಹಾಡಿದೆ. ಬ್ಯಾಲೆನ್ಸ್ ಮಾಡಲು ಇದಕ್ಕಿಂತ ಸುಲಭದ್ದು ಇಲ್ಲ. ಈಕ್ವಲೈಜರಿನಲ್ಲಿ ಗಿಟಾರಿನ 2ರಿಂದ 4 ಕಿಲೋಹರ್ಟ್ಸ್ ಭಾಗದ (ಸದ್ದಿನ ಮೊನಚಾದ ಭಾಗ) ಮಟ್ಟವನ್ನು 2 ಡೆಸಿಬೆಲ್ ಇಳಿಸಿದರೆ ಸಾಕು, ಹಾಡಿನ ಚ, ಸ, ಟ ಎಲ್ಲಾ ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಭಾವಗೀತೆಯಲ್ಲಿ ಸಾಲಿನ ಕೊನೆಗೆ ಸ್ವಲ್ಪ ನಿಲ್ಲುತ್ತೇವೆ, ಗಿಟಾರ್ ನಮಗಾಗಿ ಕಾಯುತ್ತದೆ, ಅಲ್ವಾ? ಕ್ಲಿಕ್ ಕಾಯುವುದಿಲ್ಲ. ನಾಲ್ಕು ಸಲ ಹಾಡಿದೆ, ನಾಲ್ಕು ಸಲವೂ ಹಾಡು ಗಿಟಾರಿನ ಹಿಂದೆ ಓಡಿದ ಹಾಗಿತ್ತು.

ಎರಡನೆಯದು, ಹಾಡಿಗೊಂದು ಗಿಟಾರಿಗೊಂದು ಮೈಕ್ ಇಟ್ಟು ಒಟ್ಟಿಗೆ. ಇಲ್ಲಿ ಗಿಟಾರ್ ಮೈಕಿಗೂ ದನಿ ಹೋಗುತ್ತದೆ, ಅದೂ ತಡವಾಗಿ. 30 ಸೆಂಟಿಮೀಟರ್ ಜಾಸ್ತಿ ದೂರ ಅಂದರೆ ಸುಮಾರು 1 ಮಿಲಿಸೆಕೆಂಡ್. ಎರಡೂ ಸೇರಿದಾಗ ದನಿ ಟೊಳ್ಳಾಗುತ್ತದೆ, ಗಿಟಾರ್ ಏರಿಸಿದರೆ ದನಿಯೂ ಏರುತ್ತದೆ. ಕಾರ್ಡಿಯಾಯ್ಡ್, ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕಿನ ಬೆನ್ನಿಗೆ ಕೇಳಿಸುವುದು ಕಡಿಮೆ. ಅದಕ್ಕೇ ಗಿಟಾರ್ ಮೈಕನ್ನು ಕೆಳಮುಖ ಮಾಡಿ ಅದರ ಬೆನ್ನು ಬಾಯಿಯ ಕಡೆಗೆ, ಹಾಡಿನ ಮೈಕನ್ನು ಮೇಲ್ಮುಖ ಮಾಡಿ ಅದರ ಬೆನ್ನು ಗಿಟಾರಿನ ಕಡೆಗೆ ತಿರುಗಿಸಿದೆ. ತುಂಬಾ ಸುಧಾರಿಸಿತು. ಪಕ್ಕದಿಂದ ಬರುವುದನ್ನು ಕೇಳಿಸಿಕೊಳ್ಳದ ಫಿಗರ್-ಎಯ್ಟ್ ಮೈಕುಗಳಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಒಂದೇ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಥರದ್ದು). ನನ್ನ ಮನಸ್ಸು ಗೆದ್ದದ್ದು ಇದು. ಎರಡು ಮೈಕಿನ ಜಗಳವೇ ಇಲ್ಲ, ಆದರೆ ಆಮೇಲೆ ಸರಿಮಾಡುತ್ತೇನೆ ಅನ್ನೋ ಹಾಗೂ ಇಲ್ಲ. ಬ್ಯಾಲೆನ್ಸ್ ಪೂರ್ತಿ ಮೈಕಿನ ಜಾಗದಲ್ಲೇ, ಕೈಯಲ್ಲೇ. ಮೊದಲು ಎದೆಯ ಎತ್ತರಕ್ಕೆ, 45 ಸೆಂಟಿಮೀಟರ್ ದೂರದಲ್ಲಿ ಇಟ್ಟೆ. ಗಿಟಾರೇ ಗಿಟಾರ್. ಮೈಕನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆತ್ತಿ ಮೂತಿಯನ್ನು ಚೂರು ಬಾಯಿಯ ಕಡೆ ತಿರುಗಿಸಿದೆ, ದನಿ ಮುಂದೆ ಬಂತು. ಗಿಟಾರಿನ ರಂಧ್ರ ನೇರ ಮೈಕಿನ ಕಡೆಗಿದ್ದಾಗ ದಪ್ಪ ತಂತಿಗಳು ಗುಂಯ್ ಅನ್ನುತ್ತಿದ್ದವು, ಕುರ್ಚಿಯನ್ನು ಸ್ವಲ್ಪ ಓರೆ ಮಾಡಿ 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೈಕಿಗೆ ಎದುರಾಗುವಂತೆ ಕೂತೆ, ಅದು ಹೋಯಿತು. ಪಿಕ್ ಬಿಟ್ಟು ಹೆಬ್ಬೆರಳಿನ ತುದಿಯ ಮೆತ್ತನೆಯ ಭಾಗದಲ್ಲಿ ಮೀಟಿದ ಮೇಲಂತೂ ಪಲ್ಲವಿಯ ಮೆಲುದನಿಯ ಪದವೂ ಮುಳುಗಲಿಲ್ಲ.

ತಾಳ ಗಟ್ಟಿಯಾಗಿರುವ ಹಾಡಾದರೆ ನಾನು ಈಗಲೂ ಬೇರೆ ಬೇರೆಯಾಗಿಯೇ ಮಾಡುತ್ತೇನೆ. ನಿಧಾನದ ಹಾಡಿಗೆ ಒಂದೇ ಮೈಕ್. ಯಾವುದೇ ಆದರೂ ಕೊನೆಗೆ ಫೋನಿನ ಸ್ಪೀಕರಿನಲ್ಲಿ, ಸದ್ದು ತೀರಾ ಕಡಿಮೆ ಮಾಡಿ ಕೇಳಿ. ಒಂದು ಪದ ತಪ್ಪಿಹೋದರೂ ಗಿಟಾರ್ ಜಾಸ್ತಿಯಾಗಿದೆ ಅಂತಲೇ ಅರ್ಥ. ನನ್ನ ರೂಮಿಗೆ ಸರಿಹೋದ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಟೇಪ್ ಅಂಟಿಸಿಟ್ಟಿದ್ದೇನೆ, ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಚಾಕ್‌ಪೀಸಿನ ಗುರುತಿದೆ.