ಸೊಂಟದ ಪಿಸ್ತೂಲಿಗೆ ಯಾವ ಫಿನಿಶ್? ಬ್ಲೂಯಿಂಗ್‌ನಿಂದ ಡಿಎಲ್‌ಸಿವರೆಗೆ

ಬೀರುವಿನಲ್ಲಿ ಇಡುವ ಬಂದೂಕಿಗೆ ಯಾವ ಫಿನಿಶ್, ಅಂದರೆ ಲೋಹದ ಮೈಗೆ ಕೊಡುವ ರಕ್ಷಣೆಯ ಪದರ, ಇದ್ದರೂ ನಡೆಯುತ್ತದೆ. ಬಟ್ಟೆಯೊಳಗೆ, ಮೈಗೆ ಒತ್ತಿಕೊಂಡು ದಿನವಿಡೀ ಇರುವ ಪಿಸ್ತೂಲಿನ ಪಾಡೇ ಬೇರೆ. ಅದಕ್ಕೆ ಒಂದು ಕಡೆ ಬೆವರಿನ ಕಾಟ, ಇನ್ನೊಂದು ಕಡೆ ಹೋಲ್‌ಸ್ಟರ್ (ಪಿಸ್ತೂಲು ಸಿಕ್ಕಿಸುವ ಒರೆ) ಕಾಟ. ಬೆವರಿನ ಉಪ್ಪು ಉಕ್ಕನ್ನು ತಿನ್ನುತ್ತದೆ. ಹೋಲ್‌ಸ್ಟರ್ ಒಳಗೆ ಸೇರಿದ ಧೂಳು ಮರಳು ಕಾಗದದ ಹಾಗೆ ಅಂಚುಗಳನ್ನು ಉಜ್ಜುತ್ತದೆ. ತುಕ್ಕು ಚೆನ್ನಾಗಿ ತಡೆಯುವ ಲೇಪನ ಉಜ್ಜಾಟಕ್ಕೆ ಸೋಲಬಹುದು. ಉಜ್ಜಾಟಕ್ಕೆ ಜಗ್ಗದ ಲೇಪನ ತುಕ್ಕಿಗೆ ದಾರಿ ಬಿಡಬಹುದು. ಜಾಹೀರಾತುಗಳು ಮಾತ್ರ ಎರಡನ್ನೂ ಸೇರಿಸಿ ಸುಮ್ನೆ ‘ಬಾಳಿಕೆ’ ಅಂದುಬಿಡುತ್ತವೆ. ನನಗೆ ಬೆವರು ಜಾಸ್ತಿ, ಅದರಲ್ಲೂ ಪ್ಯಾಂಟಿನ ಒಳಗೆ ಸಿಕ್ಕಿಸುವ ಹೋಲ್‌ಸ್ಟರ್ ಬಳಸುತ್ತೇನೆ. ಹಾಗಾಗಿ ಎರಡು ಪರೀಕ್ಷೆಯೂ ತಾವಾಗಿಯೇ ನಡೆದುಹೋದವು.

ಮೊದಲು ಬ್ಲೂಯಿಂಗ್. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣದ ಕುದಿಯುವ ದ್ರಾವಣದಲ್ಲಿ, ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗುತ್ತದೆ. ಇದರ ದಪ್ಪ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಅಷ್ಟೇ. ನೋಡಲು ಇದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ತುಕ್ಕು ತಡೆಯುವುದು ಅದರ ಮೇಲಿನ ಎಣ್ಣೆ, ಬ್ಲೂಯಿಂಗ್ ಅಲ್ಲ. ನನ್ನ ಬ್ಲೂ ಮಾಡಿದ ರಿವಾಲ್ವರ್ ಬೇಸಿಗೆಯಲ್ಲಿ ರಾತ್ರಿ ಒರೆಸದೆ ಬಿಟ್ಟರೆ ಸಾಕು, ಮೈ ಕಡೆಗಿನ ಪಕ್ಕದಲ್ಲಿ ಕಂದು ಚುಕ್ಕೆ ಏಳುತ್ತಿತ್ತು. ಹೊರಗಿನ ಪಕ್ಕ ಹೊಸದರ ಹಾಗೇ ಇರುತ್ತಿತ್ತು. ದಿನವೂ ಎಣ್ಣೆ ಸವರುವ ಶಿಸ್ತಿದ್ದರೆ ಇದೂ ಬಾಳುತ್ತದೆ.

ಪಾರ್ಕರೈಸಿಂಗ್ ಅಂದರೆ ಮ್ಯಾಂಗನೀಸ್ ಅಥವಾ ಸತುವಿನ ಫಾಸ್ಫೇಟ್ ಪದರ. ಎರಡನೇ ಮಹಾಯುದ್ಧದ ಅಮೆರಿಕನ್ ಬಂದೂಕುಗಳ ಬೂದು ಬಣ್ಣ ಇದೇ. ಪದರ ಒರಟು, ಸಣ್ಣ ಸಣ್ಣ ರಂಧ್ರ, ಎಣ್ಣೆಯನ್ನು ಚೆನ್ನಾಗಿ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬ್ಲೂಯಿಂಗ್‌ಗಿಂತ ಒಂದು ಮೆಟ್ಟಿಲು ಮೇಲೆ. ಆದರೆ ಹೀರಿದ ಎಣ್ಣೆ ಅಂಗಿಗೂ ಹತ್ತುತ್ತದೆ!

ಸ್ಟೇನ್‌ಲೆಸ್ ಇದ್ದರೆ ಫಿನಿಶ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಪಿಸ್ತೂಲಿಗೆ ಬಳಸುವ 416, 17-4 ತರಹದ ಸ್ಟೇನ್‌ಲೆಸ್ ಗಟ್ಟಿತನಕ್ಕಾಗಿ ಆರಿಸಿದ್ದು. ಅಡುಗೆಮನೆಯ ಪಾತ್ರೆಯ ಸ್ಟೇನ್‌ಲೆಸ್‌ನಷ್ಟು ತುಕ್ಕು ತಡೆಯುವ ಗುಣ 416ಕ್ಕಂತೂ ಇಲ್ಲ. ಬೆವರಿನ ಕ್ಲೋರೈಡ್ ಅದರಲ್ಲೂ ಸೂಜಿ ಮೊನೆಯಷ್ಟು ಗುಳಿ ತೋಡುತ್ತದೆ. ಆದರೂ ಗೀರು ಬಿದ್ದರೆ ಉಜ್ಜಿ ಸರಿಮಾಡಬಹುದು. ಈ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ.

ಸೆರಾಕೋಟ್ ಬಗ್ಗೆ ಇರುವಷ್ಟು ಪ್ರೀತಿ ಮತ್ತು ಬೈಗುಳ ಎರಡೂ ಬೇರೆ ಯಾವ ಫಿನಿಶ್‌ಗೂ ಇಲ್ಲ. ಇದು ಸೆರಾಮಿಕ್ ಬೆರೆಸಿದ ಪಾಲಿಮರ್ ಬಣ್ಣ. ಲೋಹವನ್ನು ಅಲ್ಯೂಮಿನಿಯಂ ಆಕ್ಸೈಡ್ ಪುಡಿಯಿಂದ ಬ್ಲಾಸ್ಟ್ ಮಾಡಿ (ಗಾಳಿಯ ಒತ್ತಡದಲ್ಲಿ ಪುಡಿ ಬಡಿಸಿ ಒರಟು ಮಾಡಿ), ಬಣ್ಣ ಸಿಂಪಡಿಸಿ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾರೆ. ದಪ್ಪ ಸುಮಾರು 25 ಮೈಕ್ರಾನ್. ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಎಲ್ಲಕ್ಕೂ ಹಿಡಿಯುತ್ತದೆ, ಬೇಕಾದ ಬಣ್ಣ ಸಿಗುತ್ತದೆ. ಪದರ ಇರುವವರೆಗೆ ಬೆವರು ಕೆಳಗಿಳಿಯುವುದೇ ಇಲ್ಲ, ಇದನ್ನು ಒಪ್ಪಬೇಕು. ‘ಇರುವವರೆಗೆ’ ಅನ್ನುವಲ್ಲೇ ತೊಡಕು. ನನ್ನ ಪಿಸ್ತೂಲಿನ ಸ್ಲೈಡ್‌ನ (ಹಿಂದೆ ಮುಂದೆ ಸರಿಯುವ ಮೇಲ್ಭಾಗದ) ಮುಂತುದಿಯ ಮೂಲೆಗಳಲ್ಲಿ, ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಹೋಲ್‌ಸ್ಟರ್ ತಾಗುವ ಜಾಗದಲ್ಲಿ, ಲೇಪನ ಸವೆದು ಬಿಳಿ ಉಕ್ಕು ಕಂಡಿತು. ಕೆಳಗೆ ಬರೀ ಉಕ್ಕು ಇದ್ದದ್ದರಿಂದ ತುಕ್ಕು ಸರಿಯಾಗಿ ಅಲ್ಲೇ ಶುರುವಾಯಿತು. ಬಣ್ಣ ಸಿಂಪಡಿಸುವ ಮೊದಲು ಜಿಡ್ಡು ಪೂರ್ತಿ ಹೋಗದಿದ್ದರೆ ಅಂಚಿನಲ್ಲಿ ಮಾತ್ರವಲ್ಲ, ಮಧ್ಯದಲ್ಲೂ ಸಿಪ್ಪೆ ಏಳುತ್ತದೆ. ಹಾಗಾಗಿ ಇಲ್ಲಿ ಡಬ್ಬಿಯ ಮೇಲಿನ ಹೆಸರಿಗಿಂತ ಮಾಡುವವರ ಕೈ ಮುಖ್ಯ. ಪಾರ್ಕರೈಸ್ ಮಾಡಿದ ಉಕ್ಕಿನ ಮೇಲೆ ಬಣ್ಣ ಕೊಡುವ ಪದ್ಧತಿಯೂ ಇದೆ. ಹಾಗಿದ್ದರೆ ಮೇಲಿನದು ಸವೆದರೂ ಕೆಳಗೆ ಒಂದು ಕಾವಲು ಉಳಿಯುತ್ತದೆ.

ನೈಟ್ರೈಡಿಂಗ್ ಇದಕ್ಕೆ ತದ್ವಿರುದ್ಧ. ಟೆನಿಫರ್, ಮೆಲೋನೈಟ್ ಎಲ್ಲ ಇದೇ ಬಗೆಯ ವ್ಯಾಪಾರಿ ಹೆಸರುಗಳು. ಆಸ್ಟ್ರಿಯಾದ ಸೇನೆ 1980ರ ದಶಕದ ಶುರುವಿನಲ್ಲಿ ಆರಿಸಿದ ಗ್ಲಾಕ್ 17ರಿಂದ ಈ ಫಿನಿಶ್ ಹೆಸರುವಾಸಿಯಾಯಿತು. ಸುಮಾರು 580 ಡಿಗ್ರಿಯ ಲವಣದ ತೊಟ್ಟಿಯಲ್ಲಿ ಮುಳುಗಿಸಿದಾಗ ನೈಟ್ರೋಜನ್ ಮತ್ತು ಕಾರ್ಬನ್ ಉಕ್ಕಿನ ಒಳಗೇ ಇಳಿಯುತ್ತವೆ. ಹತ್ತಿಪ್ಪತ್ತು ಮೈಕ್ರಾನ್‌ನ ಗಟ್ಟಿ ಪದರ ಉಕ್ಕಿನದ್ದೇ ಭಾಗವಾಗುತ್ತದೆ. ಹಾಗಾಗಿ ಸಿಪ್ಪೆ ಏಳುವ ಮಾತೇ ಇಲ್ಲ. ಕಪ್ಪು ಬಣ್ಣ ಆಮೇಲಿನ ಆಕ್ಸೈಡ್‌ನದು. ಹೋಲ್‌ಸ್ಟರ್‌ನಲ್ಲಿ ಆ ಕಪ್ಪು ಹೋಗಿ ಅಂಚು ಬೆಳ್ಳಗಾದರೆ ಜನ ಗಾಬರಿಯಾಗುತ್ತಾರೆ, ಆದರೆ ಗಟ್ಟಿ ಪದರ ಅಲ್ಲೇ ಇರುತ್ತದೆ. ನನ್ನದರಲ್ಲಿ ಬೆಳ್ಳಗಾದ ಜಾಗ ಇವತ್ತಿಗೂ ತುಕ್ಕು ಹಿಡಿದಿಲ್ಲ. ಒಂದು ಎಚ್ಚರಿಕೆ ಇದೆ: ಸ್ಟೇನ್‌ಲೆಸ್ ಮೇಲೆ ಇದನ್ನೇ ಮಾಡಿಸಿದರೆ ಕ್ರೋಮಿಯಂ ನೈಟ್ರೋಜನ್ ಜೊತೆ ಸೇರಿಕೊಂಡು, ಉಕ್ಕಿಗೆ ಮೊದಲಿದ್ದ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ. ಉಜ್ಜಾಟಕ್ಕೆ ಲಾಭ, ಬೆವರಿಗೆ ನಷ್ಟ. ಇಷ್ಟು ಬಿಸಿಗೆ ಸ್ಪ್ರಿಂಗ್‌ಗಳನ್ನಂತೂ ಹಾಕುವ ಹಾಗಿಲ್ಲ.

ಹಾರ್ಡ್ ಕ್ರೋಮ್ ಹಳೆಯ ಕಾಲದ್ದು, ಬೆಳ್ಳಗಿದೆ ಅಂತ ಈಗಿನವರು ಮೂಗು ಮುರಿಯುತ್ತಾರೆ. ಅಂಗಿಯೊಳಗೆ ಮುಚ್ಚಿಡುವ ಪಿಸ್ತೂಲಿಗೆ ಬಣ್ಣ ಯಾವುದಾದರೇನು, ಅಲ್ವಾ? ವಿದ್ಯುತ್ ಲೇಪನದ ಈ ಕ್ರೋಮ್ ಹೋಲ್‌ಸ್ಟರ್ ಉಜ್ಜಾಟಕ್ಕೆ ಕ್ಯಾರೇ ಅನ್ನಲಿಲ್ಲ, ಹೊಳಪು ಸ್ವಲ್ಪ ಏರಿತು ಅಷ್ಟೇ. ಇಂಗಾಲದ ಮಸಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತುಕ್ಕು ಎಲ್ಲಾದರೂ ಮೊಳೆತರೆ ಬಿಳಿಯ ಮೇಲೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಕಪ್ಪು ಸ್ಲೈಡ್‌ನಲ್ಲಿ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಕೊರತೆಯೂ ಇದೆ. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಹಾಗಾಗಿ ಎಣ್ಣೆ ಪೂರ್ತಿ ಬಿಡುವಂತಿಲ್ಲ. ಲೇಪನದ ವೇಳೆ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡಬಹುದು. ಹಾಗಾಗಿ ಆಮೇಲೆ ಬಿಸಿ ಮಾಡಿ ಅದನ್ನು ಹೊರಹಾಕುತ್ತಾರಾ ಅಂತ ಕೇಳಿಕೊಳ್ಳಿ. ಗುರಿ ಹಿಡಿಯುವ ಸೈಟುಗಳನ್ನು ಕಪ್ಪಾಗಿಯೇ ಉಳಿಸಿ, ಇಲ್ಲದಿದ್ದರೆ ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ.

ಟೆಫ್ಲಾನ್ ಬೆರೆಸಿದ ನಿಕ್ಕಲ್ ಕ್ರೋಮ್‌ಗಿಂತ ಮೆದು, ಆದರೆ ಜಾರುವ ಗುಣ ಚೆನ್ನಾಗಿದೆ, ಮೂಲೆ ಮೂಲೆಗೂ ಸಮನಾಗಿ ಕೂರುತ್ತದೆ. ಚರ್ಮಕ್ಕೆ ನಿಕ್ಕಲ್ ಆಗದವರಿಗೆ ಇದು ಬೇಡ.

ಡಿಎಲ್‌ಸಿ, ಅಂದರೆ ವಜ್ರದಂಥ ಕಾರ್ಬನ್ ಲೇಪನ, ಗಟ್ಟಿತನದಲ್ಲಿ ಎಲ್ಲಕ್ಕಿಂತ ಮುಂದೆ. ಗೀರು ಬೀಳಿಸುವುದೇ ಕಷ್ಟ. ಆದರೆ ದಪ್ಪ ಕೆಲವೇ ಮೈಕ್ರಾನ್. ಸೂಕ್ಷ್ಮ ರಂಧ್ರ ಉಳಿದರೆ ಬೆವರು ಅಲ್ಲಿಂದ ಇಳಿಯುತ್ತದೆ. ಅದಕ್ಕೇ ಸ್ಟೇನ್‌ಲೆಸ್ ಸ್ಲೈಡ್ ಮೇಲೆ ಡಿಎಲ್‌ಸಿ ಒಳ್ಳೆಯ ಜೋಡಿ, ಸಾದಾ ಉಕ್ಕಿನ ಮೇಲೆ ಅಷ್ಟಕ್ಕಷ್ಟೇ.

ನನ್ನ ಆಯ್ಕೆ ಕೇಳಿದರೆ, ಸಾದಾ ಉಕ್ಕಿನ ಸ್ಲೈಡ್‌ಗೆ ನೈಟ್ರೈಡಿಂಗ್. ಕಾರ್ಖಾನೆಯಿಂದಲೇ ಹಾಗೆ ಬಂದಿದ್ದರೆ ಅದರ ಮೇಲೆ ಇನ್ನೇನೂ ಬೇಡ. ಹಳೆಯ ಪಿಸ್ತೂಲಿಗೆ ಹೊಸದಾಗಿ ಮಾಡಿಸುವುದಾದರೆ, ನನ್ನ ಹಾಗೆ ಬೆವರುವವರಾದರೆ, ಹಾರ್ಡ್ ಕ್ರೋಮ್. ಬಣ್ಣ ಬೇಕು ಅನ್ನುವವರು ಸೆರಾಕೋಟ್‌ಗೆ ಹೋಗಲಿ, ಅಂಚು ಸವೆಯುತ್ತದೆ ಅಂತ ಗೊತ್ತಿದ್ದೇ ಹೋಗಲಿ. ಅಲ್ಯೂಮಿನಿಯಂ ಫ್ರೇಮ್‌ಗೆ (ಹಿಡಿಕೆ ಇರುವ ಕೆಳಭಾಗಕ್ಕೆ) ಹಾರ್ಡ್ ಆನೊಡೈಜಿಂಗ್, ಅಂದರೆ ವಿದ್ಯುತ್‌ನಿಂದ ಬೆಳೆಸುವ ಗಟ್ಟಿ ಆಕ್ಸೈಡ್ ಪದರ, ಸಾಕು. ಬ್ಲೂಯಿಂಗ್ ದ್ರಾವಣಕ್ಕಂತೂ ಅದನ್ನು ಹಾಕಲೇಬೇಡಿ, ಕಾಸ್ಟಿಕ್ ಅದನ್ನು ಕರಗಿಸುತ್ತದೆ.

ಇಷ್ಟೆಲ್ಲ ಸ್ಲೈಡ್ ಬಗ್ಗೆ ತಲೆ ಕೆಡಿಸಿಕೊಂಡ ಮೇಲೂ ನಾನು ಮೊದಲು ತುಕ್ಕು ಕಂಡದ್ದು ಹೆಚ್ಚಾಗಿ ಹಿಂದಿನ ಸೈಟಿನಲ್ಲಿ, ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಬಿಡುಗಡೆಯ ಗುಂಡಿಯಲ್ಲಿ, ಪಿನ್ನುಗಳಲ್ಲಿ, ಮ್ಯಾಗಜೀನಿನ ತಳದ ಹತ್ತಿರ. ಸ್ಲೈಡ್‌ಗೆ ದುಬಾರಿ ಫಿನಿಶ್ ಕೊಟ್ಟು ಈ ಚಿಕ್ಕ ಭಾಗಗಳನ್ನು ಸಾದಾ ಬ್ಲೂಯಿಂಗ್‌ನಲ್ಲೇ ಬಿಡುವುದು ಮಾಮೂಲು. ಫಿನಿಶ್‌ಗೆ ಕೊಡುವಾಗ ಇವುಗಳಿಗೆ ಏನು ಮಾಡುತ್ತೀರಿ ಅಂತ ಹೆಸರು ಹಿಡಿದು ಕೇಳಿ. ಅವರು ಮಾಡದಿದ್ದರೆ ಪಿಸ್ತೂಲು ಖಾಲಿ ಮಾಡಿ, ಆ ಜಾಗಗಳಿಗೆ ತೆಳುವಾಗಿ ಮೇಣ ಸವರಿ. ಎಣ್ಣೆಯ ಹಾಗೆ ಅದು ಬಟ್ಟೆಗೆ ಇಳಿದುಹೋಗುವುದಿಲ್ಲ. ರಾತ್ರಿ ಚರ್ಮದ ಹೋಲ್‌ಸ್ಟರ್‌ನಿಂದ ತೆಗೆದಿಡಿ, ಒದ್ದೆ ಚರ್ಮದಲ್ಲಿ ಕ್ರೋಮ್ ಕೂಡ ಹೆಚ್ಚು ದಿನ ತಡೆಯುವುದಿಲ್ಲ.